‘ಸೆಕ್ಷನಲ್’ ಎಂಬ ಪದಕ್ಕೆ ಕನ್ನಡದಲ್ಲಿ ಸರಿಯಾದ ಮಾತು ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಅನುವಾದದ ಕೆಲಸ ಮಾಡುವ ನನ್ನ ಬಳಿಗೆ ಕೆಲವು ವರ್ಷಗಳ ಹಿಂದೆ ನೇಮಕಾತಿ ಪ್ರಕಟಣೆಯೊಂದರ ಕನ್ನಡ ಕರಡು ತಿದ್ದುಪಡಿಗೆ ಬಂದಿತ್ತು. ಅದರಲ್ಲಿ ‘ವಿಭಾಗೀಯ ಕಡಿತದ ಅಂಕಗಳು ಅನ್ವಯಿಸುತ್ತವೆ’ ಎಂಬ ಸಾಲೊಂದಿತ್ತು. ಅದೇ ಪರೀಕ್ಷೆಗೆ ಓದುತ್ತಿದ್ದ ಪಕ್ಕದ ಮನೆಯ ಹುಡುಗಿಗೆ ಆ ಸಾಲನ್ನು ಓದಿ ಹೇಳಿದಾಗ, ಬೆಂಗಳೂರು ವಿಭಾಗದ ಅಭ್ಯರ್ಥಿಗಳಿಗೆ ಅಂಕ ಕಡಿತ ಮಾಡುತ್ತಾರೆಯೇ ಎಂದು ಅವಳು ಗಾಬರಿಯಿಂದ ಕೇಳಿದಳು. ಅವಳ ತಪ್ಪೇನೂ ಇರಲಿಲ್ಲ. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ಕಂದಾಯ ವಿಭಾಗಗಳಿವೆ. ಸರ್ಕಾರಿ ಪ್ರಕಟಣೆಯಲ್ಲಿ ‘ವಿಭಾಗೀಯ’ ಎಂದರೆ ಓದುಗರ ಮನಸ್ಸಿಗೆ ಮೊದಲು ಬರುವುದು ಅವೇ. ‘ಕಡಿತ’ ಎಂದರೆ ಕಳೆಯುವುದು. ಮೂಲದಲ್ಲಿದ್ದದ್ದು ‘ಸೆಕ್ಷನಲ್ ಕಟ್-ಆಫ್’, ಅಂದರೆ ಪ್ರಶ್ನೆಪತ್ರಿಕೆಯ ಪ್ರತಿಯೊಂದು ಭಾಗದಲ್ಲಿಯೂ ಅಭ್ಯರ್ಥಿ ಗಳಿಸಲೇಬೇಕಾದ ಕನಿಷ್ಠ ಅಂಕ. ನಿಘಂಟಿನಲ್ಲಿ ಸಿಗುವ ಎರಡು ಪದಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದರಿಂದ ಪರೀಕ್ಷೆಯ ನಿಯಮವೇ ಬೇರೆಯಾಗಿಬಿಟ್ಟಿತ್ತು.

ಅಂದಿನಿಂದ ‘ಸೆಕ್ಷನಲ್’ ಎಂಬ ಈ ಇಂಗ್ಲಿಷ್ ಪದ ಎಲ್ಲಿ ಕಂಡರೂ ನಿಂತು ನೋಡುತ್ತಿದ್ದೇನೆ. ಕಟ್ಟಡದ ನಕ್ಷೆ, ಕಬ್ಬಿಣದ ಅಂಗಡಿಯ ಬಿಲ್ಲು, ಆಸ್ಪತ್ರೆಯ ವರದಿ, ಟೆಂಡರ್ ದಾಖಲೆ, ಸಂವಿಧಾನ ಹೀಗೆ ಎಲ್ಲ ಕಡೆಯೂ ಅದು ಬರುತ್ತದೆ, ಮತ್ತು ಬಂದ ಕಡೆಯಲ್ಲೆಲ್ಲ ಬೇರೆ ಬೇರೆ ಕನ್ನಡ ಪದವನ್ನು ಕೇಳುತ್ತದೆ. ಆ ಪದವನ್ನು ಹುಡುಕುವ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ. ಅನುವಾದಕರಿಗೆ ಮಾತ್ರವಲ್ಲದೆ ಪ್ರಕಟಣೆ, ಪಾಠ, ವರದಿ ಬರೆಯುವ ಯಾರಿಗಾದರೂ ಇದು ನೆರವಾಗಬಹುದು.

ಮೊದಲ ಹೆಜ್ಜೆ: ಪದದೊಳಗಿನ ಕತ್ತಿಯನ್ನು ಗುರುತಿಸಿ

‘ಸೆಕ್ಷನ್’ ಎಂಬುದು ಲ್ಯಾಟಿನ್ನಿನ ‘ಸೆಕಾರೆ’ ಎಂಬ ಧಾತುವಿನಿಂದ ಬಂದಿದೆ. ಅದರ ಅರ್ಥ ಕತ್ತರಿಸು. ‘ಸೆಗ್ಮೆಂಟ್’, ‘ಡಿಸೆಕ್ಷನ್’, ‘ಇಂಟರ್‌ಸೆಕ್ಷನ್’ ಎಲ್ಲವೂ ಇದೇ ಬಳಗದವು. ಮೈಯಲ್ಲಿ ಕತ್ತರಿಸಿದಂತೆ ಗೆರೆಗಳಿರುವುದರಿಂದ ಕೀಟಕ್ಕೆ ‘ಇನ್ಸೆಕ್ಟ್’ ಎಂಬ ಹೆಸರು ಬಂದದ್ದೂ ಇಲ್ಲಿಂದಲೇ. ನಮ್ಮಲ್ಲಿ ಸಂಸ್ಕೃತದ ‘ಛಿದ್’ ಧಾತುವಿನಿಂದ ಬಂದ ‘ಛೇದ’, ಅಚ್ಚಗನ್ನಡದ ‘ಕೊಯ್ತ’, ‘ಸೀಳು’, ‘ಹೋಳು’, ‘ತುಂಡು’ ಇವೆಲ್ಲ ಇದೇ ಕೆಲಸ ಮಾಡುವ ಪದಗಳು. ಕನ್ನಡಕ್ಕೆ ಇಲ್ಲಿ ಪದಗಳ ಬಡತನವಿಲ್ಲ. ನಾವು ಎಲ್ಲ ಕಡೆಯೂ ‘ವಿಭಾಗೀಯ’ ಒಂದನ್ನೇ ಹಾಕಿ, ಉಳಿದವನ್ನು ಮೂಲೆಗೆ ತಳ್ಳಿದ್ದೇವೆ.

ಎರಡನೆಯ ಹೆಜ್ಜೆ: ಕತ್ತರಿಸಿದ ಮೇಲೆ ಯಾವುದನ್ನು ನೋಡುತ್ತಿದ್ದೇವೆ ಎಂದು ಕೇಳಿ

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ ಎಂಬುದು ನನ್ನ ಅನುಭವ. ಹಲಸಿನ ಹಣ್ಣನ್ನು ಅಡ್ಡಲಾಗಿ ಕೊಯ್ದಿದ್ದೀರಿ ಎಂದುಕೊಳ್ಳಿ. ಕೊಯ್ದ ಮುಖದಲ್ಲಿ ತೊಳೆ, ಬೀಜ, ನಡುವಿನ ದಿಂಡು ಹೇಗೆ ಜೋಡಣೆಗೊಂಡಿವೆ ಎಂದು ನೋಡಬಹುದು. ಇದು ಕೊಯ್ದ ಮುಖದ ನೋಟ. ಕೊಯ್ದಾಗ ಬಂದ ಹೋಳುಗಳನ್ನು ಒಂದೊಂದಾಗಿ ಎಣಿಸಿ ಬೇರೆ ಬೇರೆ ತಟ್ಟೆಗೆ ಹಾಕಬಹುದು. ಇದು ಭಾಗಗಳ ಲೆಕ್ಕ. ಇಡೀ ಹಣ್ಣು ಎಲ್ಲರದ್ದಾಗಿದ್ದರೂ ಯಾರೋ ಒಬ್ಬರು ತಮ್ಮ ಹೋಳಿಗಾಗಿ ಮಾತ್ರ ವಾದಿಸಬಹುದು. ಇದು ಪಂಗಡದ ಹಿತ. ‘ಸೆಕ್ಷನಲ್’ ಪದದ ಬಹುಪಾಲು ಬಳಕೆಗಳು ಈ ಮೂರರಲ್ಲಿ ಒಂದಕ್ಕೆ ಸೇರುತ್ತವೆ. ವಾಕ್ಯದಲ್ಲಿ ‘ಸೆಕ್ಷನಲ್’ನ ಮುಂದೆ ಬರುವ ನಾಮಪದವನ್ನು ನೋಡಿದರೆ ಅದು ಯಾವುದಕ್ಕೆ ಸೇರಿದ್ದೆಂದು ತಿಳಿಯುತ್ತದೆ. ಮುಂದೆ ‘ನೋಟ’, ‘ವಿಸ್ತೀರ್ಣ’, ‘ತೂಕ’ ಇದ್ದರೆ ಮೊದಲನೆಯದು. ‘ಪರೀಕ್ಷೆ’, ‘ಸೋಫಾ’, ‘ಅಭ್ಯಾಸ’ ಇದ್ದರೆ ಎರಡನೆಯದು. ‘ಹಿತಾಸಕ್ತಿ’, ‘ಭಿನ್ನತೆ’, ‘ನಿಷ್ಠೆ’ ಇದ್ದರೆ ಮೂರನೆಯದು.

ಮೂರನೆಯ ಹೆಜ್ಜೆ: ಕೊಯ್ದ ಮುಖದ ಮಾತಾದರೆ ‘ಛೇದ’ ಅಥವಾ ‘ಕೊಯ್ತ’

ಹತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದಿದವರು ‘ಮಾನವನ ಹೃದಯದ ನೀಳಛೇದ ನೋಟದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆಯನ್ನು ಮರೆಯಲಾರರು. ಆ ‘ಛೇದ ನೋಟ’ವೇ ಇಂಗ್ಲಿಷಿನ ‘ಸೆಕ್ಷನಲ್ ವ್ಯೂ’. ಉದ್ದಕ್ಕೆ ಸೀಳಿದರೆ ನೀಳಛೇದ, ಅಡ್ಡಲಾಗಿ ಕೊಯ್ದರೆ ಅಡ್ಡಛೇದ. ಇಷ್ಟು ಸ್ಪಷ್ಟವಾದ, ಲಕ್ಷಾಂತರ ಮಕ್ಕಳು ಬರೆದು ಕಲಿತ ಪದ ಕೈಯಲ್ಲಿರುವಾಗ ಹೊಸದನ್ನು ಕಟ್ಟುವ ಅಗತ್ಯವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಗಣಿತದಲ್ಲಿ ‘ಛೇದ’ ಎಂದರೆ ಭಿನ್ನರಾಶಿಯ ಕೆಳಗಿನ ಸಂಖ್ಯೆ. ಆದ್ದರಿಂದ ಲೆಕ್ಕ ಬರುವ ಬರಹದಲ್ಲಿ ‘ಛೇದ’ವನ್ನು ಒಂಟಿಯಾಗಿ ಬಿಡದೆ ‘ಅಡ್ಡಛೇದ’ ಎಂದೋ ‘ಅಡ್ಡಕೊಯ್ತ’ ಎಂದೋ ಬರೆಯುವುದು ಒಳ್ಳೆಯದು.

ಕಟ್ಟಡದ ನಕ್ಷೆಯಲ್ಲಿ ಈ ಪದ ಬಹಳ ಮುಖ್ಯವಾಗುತ್ತದೆ. ಮನೆ ಕಟ್ಟಿಸುವವರ ಕೈಗೆ ಬರುವ ಹಾಳೆಯಲ್ಲಿ ‘ಪ್ಲಾನ್’, ‘ಎಲಿವೇಷನ್’, ‘ಸೆಕ್ಷನ್’ ಎಂಬ ಮೂರು ಬಗೆಯ ಚಿತ್ರಗಳಿರುತ್ತವೆ. ಎಲಿವೇಷನ್ ಎಂದರೆ ಮನೆಯನ್ನು ಹೊರಗೆ ನಿಂತು ನೋಡಿದ ಮುಖ. ಸೆಕ್ಷನ್ ಎಂದರೆ ಮನೆಯನ್ನು ಮೇಲಿಂದ ಕೆಳಗೆ ಸೀಳಿ, ಒಂದು ಭಾಗವನ್ನು ಪಕ್ಕಕ್ಕೆ ಸರಿಸಿ, ಉಳಿದದ್ದನ್ನು ನೋಡಿದಂತೆ ಬರೆದ ಚಿತ್ರ. ತಳಪಾಯದ ಆಳ, ಗೋಡೆಯ ದಪ್ಪ, ತಾರಸಿಯ ಎತ್ತರ, ಮೆಟ್ಟಿಲಿನ ಏರಿಕೆ ಗೊತ್ತಾಗುವುದು ಅದರಲ್ಲಿಯೇ. ಎಲ್ಲಿ ಸೀಳಲಾಗಿದೆ ಎಂಬುದನ್ನು ಪ್ಲಾನಿನ ಮೇಲೆ ‘ಎ–ಎ’ ಎಂಬ ಅಕ್ಷರಗಳಿರುವ ಗೆರೆ ತೋರಿಸುತ್ತದೆ. ಯಾವ ಕಡೆಗೆ ಮುಖಮಾಡಿ ನೋಡಬೇಕು ಎಂಬುದನ್ನು ಆ ಗೆರೆಯ ತುದಿಯ ಬಾಣಗಳು ಹೇಳುತ್ತವೆ. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ: ‘ಪ್ಲಾನ್’ ಕೂಡ ಒಂದು ಛೇದ ನೋಟವೇ. ನೆಲದಿಂದ ಸುಮಾರು ಒಂದು ಮೀಟರಿಗಿಂತ ಸ್ವಲ್ಪ ಮೇಲೆ, ಕಿಟಕಿಗಳನ್ನು ಹಾಯ್ದು ಹೋಗುವಂತೆ ಮನೆಯನ್ನು ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದ ಚಿತ್ರ ಅದು. ಹಾಗಿಲ್ಲದಿದ್ದರೆ ಅದರಲ್ಲಿ ತಾರಸಿ ಕಾಣಬೇಕಿತ್ತು, ಕೋಣೆಗಳಲ್ಲ. ಆದ್ದರಿಂದ ಮನೆಯ ಪ್ಲಾನನ್ನು ‘ಮೇಲ್ನೋಟ’ ಎಂದು ಬರೆಯುವುದು ಸರಿಯಾಗದು; ‘ನೆಲನಕ್ಷೆ’ ಎಂದರೆ ಸಾಕು. ಐಟಿಐ ವಿದ್ಯಾರ್ಥಿಗಳಿಗೆ ಯಂತ್ರಭಾಗಗಳ ಛೇದ ನೋಟವನ್ನು ಕಲಿಸುವವರು ಇನ್ನೆರಡು ಮಾತು ಸೇರಿಸಬೇಕಾಗುತ್ತದೆ: ಕತ್ತಿ ತಗುಲಿದ ಲೋಹದ ಭಾಗಕ್ಕೆ ಸಾಮಾನ್ಯವಾಗಿ 45 ಡಿಗ್ರಿ ಓರೆಯ ತೆಳುಗೆರೆಗಳನ್ನು ಹಾಕುತ್ತಾರೆ, ಬೋಲ್ಟು, ಶಾಫ್ಟು, ರಿವೆಟ್ಟುಗಳನ್ನು ಮಾತ್ರ ಕತ್ತಿ ಉದ್ದಕ್ಕೆ ಹಾಯ್ದರೂ ಸೀಳದೆ ಇಡಿಯಾಗಿಯೇ ತೋರಿಸುತ್ತಾರೆ.

ವಿದ್ಯುತ್ ತಂತಿಯ ವಿಷಯದಲ್ಲಿ ತಪ್ಪು ಅನುವಾದದಿಂದ ಅಳತೆಯೇ ಬದಲಾಗಿಬಿಡಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ಎರಡೂವರೆ ಎಂಎಂ ವೈರ್ ಕೊಡಿ’ ಎಂದು ಕೇಳುವುದು ರೂಢಿ, ಅಂಗಡಿಯವರು ಸರಿಯಾದದ್ದನ್ನೇ ಕೊಡುತ್ತಾರೆ. ಆದರೆ ಅಲ್ಲಿ ಎರಡೂವರೆ ಎಂಬುದು ತಂತಿಯ ದಪ್ಪವಲ್ಲ. ಅಡ್ಡಕೊಯ್ತದ ವಿಸ್ತೀರ್ಣ, ಅಂದರೆ 2.5 ಚದರ ಮಿಲಿಮೀಟರ್. ಒಂದೇ ಎಳೆಯ ತಂತಿಯಾದರೆ ಅದರ ವ್ಯಾಸ ಸುಮಾರು 1.78 ಮಿಲಿಮೀಟರ್ ಮಾತ್ರ. ‘2.5 ಮಿ.ಮೀ. ದಪ್ಪದ ತಂತಿ’ ಎಂದು ಬರೆದರೆ ಅದರ ವಿಸ್ತೀರ್ಣ ಸುಮಾರು 4.9 ಚದರ ಮಿಲಿಮೀಟರ್ ಆಗಿ, ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬಾಯಿಮಾತಿನಲ್ಲಿ ರೂಢಿ ನಡೆಯುತ್ತದೆ. ಬರಹದಲ್ಲಿ ‘ಚದರ’ ಎಂಬ ಪದವನ್ನು ಬಿಡಲೇಬಾರದು.

ಕಬ್ಬಿಣದ ವ್ಯಾಪಾರದಲ್ಲಿ ಕೇಳಿಬರುವ ‘ಸೆಕ್ಷನಲ್ ವೇಟ್’ ಇದಕ್ಕಿಂತಲೂ ಮೋಸಗೊಳಿಸುವಂಥದು. ಅದನ್ನು ‘ವಿಭಾಗೀಯ ತೂಕ’ ಎಂದರೆ ಅರ್ಥವಿಲ್ಲ. ‘ತುಂಡಿನ ತೂಕ’ ಎಂದರೆ ಅರ್ಥವಿದ್ದರೂ ತಪ್ಪು. ಅದು ಒಂದು ನಿರ್ದಿಷ್ಟ ಅಡ್ಡಕೊಯ್ತದ ಕಂಬಿ ಒಂದು ಮೀಟರ್ ಉದ್ದಕ್ಕೆ ಎಷ್ಟು ತೂಗುತ್ತದೆ ಎಂಬ ಲೆಕ್ಕ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. ಈ 162 ಬರುವುದು ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋ ಎಂಬುದರಿಂದ. ಹನ್ನೆರಡು ಎಂಎಂ ಕಂಬಿಗೆ 144ನ್ನು 162ರಿಂದ ಭಾಗಿಸಿದಾಗ 0.889 ಕಿಲೋ ಬರುತ್ತದೆ; 12 ಮೀಟರಿನ ಒಂದು ಕಂಬಿ ಸುಮಾರು 10.67 ಕಿಲೋ ತೂಗಬೇಕು. ಕನ್ನಡದಲ್ಲಿ ‘ಮೀಟರಿಗೆ ಇಷ್ಟು ತೂಕ’ ಎಂದು ಬರೆದರೆ ಕಂಬಿ ಬಗ್ಗಿಸುವ ಬಾರ್ ಬೆಂಡರ್‌ಗೂ ತಿಳಿಯುತ್ತದೆ, ಮನೆ ಕಟ್ಟಿಸುವವರೂ ತಕ್ಕಡಿಯಲ್ಲಿಟ್ಟು ಪರೀಕ್ಷಿಸಬಹುದು. ಒಂದು ಪದಕ್ಕೆ ಪ್ರತಿಯಾಗಿ ಒಂದೇ ಪದ ಇರಬೇಕೆಂಬ ಹಟವನ್ನು ಬಿಡಬೇಕಾದದ್ದು ಇಂಥ ಕಡೆ.

ಆಸ್ಪತ್ರೆಯ ಕಾಗದಗಳಲ್ಲಿ ‘ಕ್ರಾಸ್-ಸೆಕ್ಷನಲ್ ಇಮೇಜಿಂಗ್’ ಎಂದಿದ್ದರೆ ಅದು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್. ಇಲ್ಲಿ ಕತ್ತಿ ಬರೀ ಕಲ್ಪನೆಯದು. ದೇಹಕ್ಕೆ ಏನೂ ತಗುಲುವುದಿಲ್ಲ. ಸಿ.ಟಿ.ಯ ಹೆಸರಿನಲ್ಲಿರುವ ‘ಟೋಮೋಗ್ರಫಿ’ಯ ಮೊದಲ ಭಾಗ ಗ್ರೀಕಿನ ‘ಟೋಮೋಸ್’, ಅಂದರೆ ಹೋಳು. ಲಂಡನ್ನಿನಲ್ಲಿ 1971ರಲ್ಲಿ ಮೊದಲ ಬಾರಿಗೆ ರೋಗಿಯ ತಲೆಯನ್ನು ಹೀಗೆ ಚಿತ್ರಿಸಲಾಯಿತು. ಇದರ ಹಿಂದಿದ್ದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮಾಕ್ ಅವರಿಗೆ 1979ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ರೋಗಿಯ ಮನೆಯವರಿಗಾಗಿ ಬರೆಯುವಾಗ ‘ಅಡ್ಡಛೇದ’, ‘ಕೊಯ್ತ’ ಎಂಬ ಪದಗಳನ್ನು ದಯವಿಟ್ಟು ಬಳಸಬೇಡಿ. ಶಸ್ತ್ರಚಿಕಿತ್ಸೆಯ ಭಯದಲ್ಲಿರುವವರಿಗೆ ಅವು ಬೇರೆಯೇ ಅರ್ಥ ಕೊಡುತ್ತವೆ. ‘ದೇಹದ ಒಳಭಾಗವನ್ನು ಪದರ ಪದರವಾಗಿ ತೋರಿಸುವ ಚಿತ್ರ’ ಎಂದರೆ ಅರ್ಥವೂ ಸರಿ, ಮನಸ್ಸಿಗೂ ಹಗುರ. ನಿಜವಾಗಿ ಕತ್ತಿ ತಗುಲುವ ‘ಸಿ-ಸೆಕ್ಷನ್’ಗೆ ‘ಸಿಸೇರಿಯನ್ ಹೆರಿಗೆ’ ಎಂಬುದು ಎಲ್ಲರಿಗೂ ತಿಳಿದ ಮಾತು.

ಸಂಶೋಧನೆಯಲ್ಲಿ ಬರುವ ‘ಕ್ರಾಸ್-ಸೆಕ್ಷನಲ್ ಸ್ಟಡಿ’ಯಲ್ಲಿ ಕತ್ತಿ ಬೀಳುವುದು ಕಾಲದ ಮೇಲೆ. ಹರಿಯುವ ಕಾಲವನ್ನು ಒಂದು ಕಡೆ ಅಡ್ಡಲಾಗಿ ಕೊಯ್ದು, ಆ ಹೊತ್ತಿನಲ್ಲಿ ಜನರ ಸ್ಥಿತಿ ಹೇಗಿತ್ತು ಎಂದು ನೋಡುವ ಕ್ರಮ ಅದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ಇದಕ್ಕೆ ಎದುರಾದದ್ದು ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾಗುವಿಕೆಯ ಬಗ್ಗೆ ನಡೆಸುತ್ತಿರುವುದು ಅಂಥದು. ಮೊದಲನೆಯದನ್ನು ‘ಒಂದು ಕಾಲಘಟ್ಟದ ಅಧ್ಯಯನ’ ಎಂದೂ ಎರಡನೆಯದನ್ನು ‘ದೀರ್ಘಾವಧಿ ಅನುಸರಣೆಯ ಅಧ್ಯಯನ’ ಎಂದೂ ನಾನು ಬರೆಯುತ್ತೇನೆ. ವ್ಯತ್ಯಾಸ ಹೆಸರಿನದು ಮಾತ್ರವಲ್ಲ. ಒಂದೇ ಹೊತ್ತಿನಲ್ಲಿ ನೋಡಿದಾಗ ಎರಡು ಸಂಗತಿಗಳು ಜೊತೆಯಾಗಿವೆ ಎಂದು ಹೇಳಬಹುದೇ ಹೊರತು, ಯಾವುದು ಮೊದಲು ಬಂತು, ಯಾವುದು ಯಾವುದಕ್ಕೆ ಕಾರಣ ಎಂದು ಹೇಳುವುದು ಕಷ್ಟ. ಸುದ್ದಿ ಬರೆಯುವವರು ಈ ಪದವನ್ನು ಬಿಟ್ಟುಬಿಟ್ಟರೆ ‘ಇದನ್ನು ತಿಂದರೆ ಆ ರೋಗ ಬರುತ್ತದೆ’ ಎಂಬ ತಲೆಬರಹ ಹುಟ್ಟಿಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ಭಾಗಗಳ ಲೆಕ್ಕವಾದರೆ ‘-ವಾರು’

ಜಿಲ್ಲಾವಾರು, ತಾಲ್ಲೂಕುವಾರು, ವಿಷಯವಾರು ಎಂದು ನಾವು ದಿನವೂ ಹೇಳುತ್ತೇವೆ. ಈ ‘-ವಾರು’ ಇಂಗ್ಲಿಷಿನ ‘ಸೆಕ್ಷನಲ್’ನ ಎರಡನೆಯ ಅರ್ಥಕ್ಕೆ ಹೇಳಿ ಮಾಡಿಸಿದಂತಿದೆ. ಆರಂಭದ ಪ್ರಕಟಣೆಯ ಸಾಲನ್ನು ‘ಪ್ರಶ್ನೆಪತ್ರಿಕೆಯ ಪ್ರತಿ ಭಾಗದಲ್ಲಿಯೂ ಕನಿಷ್ಠ ಅರ್ಹತಾ ಅಂಕ ಪಡೆಯಬೇಕು’ ಎಂದು ನಾನು ತಿದ್ದಿದೆ. ಶೀರ್ಷಿಕೆಯಲ್ಲಿ ‘ಭಾಗವಾರು ಅರ್ಹತಾ ಅಂಕ’ ಎಂದಿಟ್ಟೆ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳಲ್ಲಿ ಓದುವವರು ‘ಸೆಕ್ಷನಲ್ ಕಟ್-ಆಫ್’ ಎಂದೇ ಹೇಳುತ್ತಾರೆ, ಮತ್ತು ಆ ಮಾತಿಗೆ ಅವರ ನಡುವೆ ಒಂದೇ ಅರ್ಥವಿರುವುದರಿಂದ ಕನ್ನಡ ಲಿಪಿಯಲ್ಲಿ ಹಾಗೆಯೇ ಬಿಟ್ಟರೂ ತಪ್ಪಲ್ಲ. ‘ಸೆಕ್ಷನಲ್ ಟೈಮಿಂಗ್’ ಕೂಡ ಹೀಗೆಯೇ. ಬನ್ನೇರುಘಟ್ಟ ರಸ್ತೆಯ ಐಐಎಂನಂಥ ಸಂಸ್ಥೆಗಳಿಗೆ ಪ್ರವೇಶ ಕೊಡುವ ಕ್ಯಾಟ್ ಪರೀಕ್ಷೆಯಲ್ಲಿ 2020ರಿಂದ ಮೂರು ಭಾಗಗಳಿಗೆ ತಲಾ 40 ನಿಮಿಷವಿದೆ. ಒಂದು ಭಾಗ ಬೇಗ ಮುಗಿದರೆ ಉಳಿದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ‘ಒಟ್ಟು 120 ನಿಮಿಷ’ ಎಂದಷ್ಟೇ ಬರೆದರೆ ಈ ಮುಖ್ಯ ನಿಯಮ ಓದುಗರಿಗೆ ತಲುಪುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಭಾಗವಾರು’ ಬೇರೆ, ‘ಭಾಗಶಃ’ ಬೇರೆ. ಟೆಂಡರ್ ದಾಖಲೆಗಳಲ್ಲಿ ಬರುವ ‘ಸೆಕ್ಷನಲ್ ಕಂಪ್ಲೀಷನ್’ ಅನ್ನು ‘ಭಾಗಶಃ ಪೂರ್ಣಗೊಳಿಸುವಿಕೆ’ ಎಂದು ಬರೆದರೆ ಕೆಲಸ ಅರ್ಧ ಉಳಿದಿದೆ ಎಂಬ ಅರ್ಥ ಬರುತ್ತದೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡತೊಡಗಿದ್ದನ್ನು ನೆನಪಿಸಿಕೊಳ್ಳಿ. ಇಡೀ ಯೋಜನೆ ಮುಗಿದಿರಲಿಲ್ಲ, ಆದರೆ ಆ ಭಾಗ ಪೂರ್ತಿಯಾಗಿ ಮುಗಿದಿತ್ತು. ಜನ ಟಿಕೆಟ್ ಕೊಂಡು ಪ್ರಯಾಣಿಸಿದರು. ಅದು ಭಾಗವಾರು ಪೂರ್ಣಗೊಳಿಕೆ. ಗುತ್ತಿಗೆಯಲ್ಲಿ ಒಂದು ಭಾಗದ ಹಣ ಯಾವಾಗ ಪಾವತಿಯಾಗಬೇಕು, ವಿಳಂಬದ ದಂಡ ಯಾವಾಗ ನಿಲ್ಲಬೇಕು ಎಂಬುದು ಈ ಒಂದು ಪದದ ಮೇಲೆ ನಿಲ್ಲಬಹುದು.

ಪೀಠೋಪಕರಣದಲ್ಲಿ ‘ಸೆಕ್ಷನಲ್ ಸೋಫಾ’ ಎಂದರೆ ಬೇರೆ ಬೇರೆ ತುಂಡುಗಳಾಗಿ ಬಂದು ಮನೆಯಲ್ಲಿ ಜೋಡಣೆಯಾಗುವ ಸೋಫಾ. ಜನ ಇದನ್ನು ‘ಎಲ್ ಶೇಪ್ ಸೋಫಾ’ ಎನ್ನುತ್ತಾರೆ. ಆದರೆ ಒಂದೇ ತುಂಡಾಗಿ ಮಾಡಿದ ಎಲ್ ಆಕಾರದ್ದೂ ಇರುವುದರಿಂದ, ಲಿಫ್ಟಿನೊಳಗೆ ಹೋಗುತ್ತದೆಯೇ ಎಂಬ ಚಿಂತೆಯಿರುವವರಿಗೆ ಈ ವ್ಯತ್ಯಾಸ ಮುಖ್ಯ. ‘ಬಿಡಿಭಾಗಗಳ ಸೋಫಾ’ ಎನ್ನಬಾರದು, ಬಿಡಿಭಾಗವೆಂದರೆ ಸ್ಪೇರ್ ಪಾರ್ಟ್ ಎಂದಾಗುತ್ತದೆ. ‘ತುಂಡು ತುಂಡಾಗಿ ಬಿಚ್ಚಿ ಜೋಡಿಸಬಹುದಾದ ಸೋಫಾ’ ಎನ್ನಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಮಾಡಿಸುವುದಾದರೆ ಕಾಲು ಚಾಚುವ ಭಾಗ ಬಲಕ್ಕೋ ಎಡಕ್ಕೋ ಎಂದಷ್ಟೇ ಬರೆದುಕೊಡದೆ, ‘ಸೋಫಾದ ಎದುರು ನಿಂತು ನೋಡಿದಾಗ ಬಲಕ್ಕೆ’ ಎಂದು ಸ್ಪಷ್ಟವಾಗಿ ಬರೆದುಕೊಡಿ.

ವಾದ್ಯವೃಂದದಲ್ಲಿ ಪಿಟೀಲಿನವರು ಬೇರೆ, ಊದುವ ವಾದ್ಯದವರು ಬೇರೆ ಕುಳಿತು ಮಾಡುವ ಅಭ್ಯಾಸವೂ, ಕುದುರೆ ಪಂದ್ಯದಲ್ಲಿ ಓಟದ ಪ್ರತಿ ಘಟ್ಟಕ್ಕೂ ಹಿಡಿದ ಸಮಯವೂ ‘ಸೆಕ್ಷನಲ್’ ಎನಿಸಿಕೊಳ್ಳುತ್ತವೆ. ‘ವಾದ್ಯವಾರು ಅಭ್ಯಾಸ’, ‘ಘಟ್ಟವಾರು ಸಮಯ’ ಎಂದರೆ ಮುಗಿಯಿತು.

ಕಚೇರಿಗಳ ಮಾತು ಬಂದಾಗ ಮಾತ್ರ ನಿಮ್ಮ ಆಯ್ಕೆಯನ್ನು ಬದಿಗಿಟ್ಟು ಆ ಕಚೇರಿಯ ರೂಢಿಯನ್ನೇ ಅನುಸರಿಸಿ. ವಿಧಾನಸೌಧದ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಎಂದರೆ ‘ಶಾಖಾಧಿಕಾರಿ’. ಅಲ್ಲಿ ಸೆಕ್ಷನ್ ಎಂದರೆ ‘ಶಾಖೆ’. ಅದೇ ‘ಶಾಖೆ’ ಬ್ಯಾಂಕಿನಲ್ಲಿ ಬ್ರಾಂಚ್ ಆಗುತ್ತದೆ. ರೈಲ್ವೆಯಲ್ಲಿ ‘ವಿಭಾಗ’ ಎಂದರೆ ಡಿವಿಷನ್. ನೈಋತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ಹಾಗಾಗಿ ‘ಸೆಕ್ಷನಲ್ ಸ್ಪೀಡ್’ ಅನ್ನು ‘ವಿಭಾಗೀಯ ವೇಗ’ ಎಂದರೆ ಇಡೀ ಬೆಂಗಳೂರು ವಿಭಾಗಕ್ಕೆ ಒಂದೇ ವೇಗವಿದೆ ಎಂದು ಓದುಗರು ತಿಳಿಯುತ್ತಾರೆ. ‘ಆ ಎರಡು ನಿಲ್ದಾಣಗಳ ನಡುವಿನ ಮಾರ್ಗದಲ್ಲಿ ಅನುಮತಿಸಿದ ಗರಿಷ್ಠ ವೇಗ’ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಐದನೆಯ ಹೆಜ್ಜೆ: ಪಂಗಡದ ಹಿತದ ಮಾತಾದರೆ, ‘ಸೆಕ್ಟೇರಿಯನ್’ ಜೊತೆ ಬೆರೆಸಬೇಡಿ

1976ರ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, 51ಎ ಅನುಚ್ಛೇದದ ‘ಇ’ ಖಂಡವು ಧರ್ಮ, ಭಾಷೆ, ಪ್ರದೇಶದ ಭಿನ್ನತೆಗಳ ಸಾಲಿನಲ್ಲಿಯೇ ‘ಸೆಕ್ಷನಲ್’ ಭಿನ್ನತೆಗಳನ್ನೂ ಹೆಸರಿಸಿ, ಅವೆಲ್ಲವನ್ನೂ ಮೀರಿದ ಸೋದರಭಾವವನ್ನು ಬೆಳೆಸಬೇಕೆನ್ನುತ್ತದೆ. ಧರ್ಮ, ಭಾಷೆ, ಪ್ರದೇಶಗಳನ್ನು ಈಗಾಗಲೇ ಬೇರೆಯಾಗಿ ಹೇಳಿರುವುದರಿಂದ, ಇಲ್ಲಿ ಈ ಪದಕ್ಕೆ ಉಳಿಯುವ ಅರ್ಥ ಸಮಾಜದ ವರ್ಗ, ಪಂಗಡ, ಗುಂಪುಗಳದ್ದು. ‘ಪಂಥೀಯ’ ಎಂಬ ಪದ ಇಲ್ಲಿ ಸಲ್ಲದು. ‘ಸೆಕ್ಟ್’, ‘ಸೆಕ್ಟೇರಿಯನ್’ ಎಂಬವು ನೋಡಲು ನೆಂಟರಂತೆ ಕಂಡರೂ ಬೇರೆ ಮನೆಯವು. ಅವು ಬಂದದ್ದು ‘ಹಿಂಬಾಲಿಸು’ ಎಂಬ ಅರ್ಥದ ಲ್ಯಾಟಿನ್ ‘ಸೆಕ್ವಿ’ಯಿಂದ. ಒಬ್ಬ ಗುರುವನ್ನೋ ಮತವನ್ನೋ ಹಿಂಬಾಲಿಸುವವರು ಪಂಥ. ಒಂದು ಇಡಿಯ ಭಾಗವಾಗಿದ್ದು ತಮ್ಮ ಭಾಗದ ಹಿತವನ್ನೇ ಮುಂದಿಡುವವರದು ಸೆಕ್ಷನಲ್ ಹಿತಾಸಕ್ತಿ. ವ್ಯಾಪಾರಿಗಳ ಸಂಘವೊಂದು ತನ್ನವರಿಗಾಗಿ ಮಾತ್ರ ಬೇಡಿಕೆಯಿಟ್ಟರೆ ಅದು ‘ವರ್ಗಹಿತ’ ಅಥವಾ ‘ಗುಂಪಿನ ಹಿತಾಸಕ್ತಿ’. ಅದಕ್ಕೆ ‘ಪಂಥೀಯ’ ಎಂದರೆ ಇಲ್ಲದ ಮತದ್ವೇಷವನ್ನು ಅವರ ಮೇಲೆ ಹೊರಿಸಿದಂತಾಗುತ್ತದೆ. ಈ ತಪ್ಪು ನನಗೆ ಉಳಿದ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವಂಥದು, ಏಕೆಂದರೆ ಇಲ್ಲಿ ಕೆಡುವುದು ಜನರ ಹೆಸರು. ಅಮೆರಿಕದ ಚರಿತ್ರೆಯಲ್ಲಿ 1861ರ ಅಂತರ್ಯುದ್ಧಕ್ಕೆ ಮುಂಚಿನ ಉತ್ತರ–ದಕ್ಷಿಣಗಳ ಬಿರುಕನ್ನು ‘ಸೆಕ್ಷನಲಿಸಂ’ ಎಂದಾಗ ಮಾತ್ರ ‘ಪ್ರಾಂತೀಯತೆ’ ಒಪ್ಪುತ್ತದೆ, ಏಕೆಂದರೆ ಅಲ್ಲಿನ ಭಾಗಗಳು ಭೂಪ್ರದೇಶಗಳು.

ಆರನೆಯ ಹೆಜ್ಜೆ: ಹೆಪ್ಪುಗಟ್ಟಿದ ಬಳಕೆಗಳನ್ನು ಹಾಗೆಯೇ ಗುರುತಿಸಿ

ಕೆಲವು ಜೋಡಿಪದಗಳನ್ನು ಬಿಡಿಸಲು ಹೋಗಬಾರದು. ದಕ್ಷಿಣ ಆಫ್ರಿಕಾದ 1986ರ ಕಾಯ್ದೆಯಲ್ಲಿ ಬರುವ ‘ಸೆಕ್ಷನಲ್ ಟೈಟಲ್’ ಎಂದರೆ ವಸತಿ ಸಮುಚ್ಚಯದಲ್ಲಿ ಫ್ಲ್ಯಾಟಿನ ಮಾಲೀಕತ್ವ. ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ ಹೇಳುವುದಕ್ಕೆ ಹತ್ತಿರವಾದದ್ದು. ಅಮೆರಿಕದ ವಿಮಾನ ಚಾಲಕರ ‘ಸೆಕ್ಷನಲ್ ಚಾರ್ಟ್’ 1:5,00,000 ಅಳತೆಯ ಭೂಪಟ. ಕಾನೂನಿನ ‘ಸೆಕ್ಷನ್’ ರಾಜ್ಯದ ಅಧಿನಿಯಮಗಳ ಕನ್ನಡದಲ್ಲಿ ‘ಪ್ರಕರಣ’, ಪೊಲೀಸರ ಬರಹದಲ್ಲಿ ‘ಕಲಂ’, ಪತ್ರಿಕೆಗಳಲ್ಲಿ ‘ಸೆಕ್ಷನ್’. ಸಾಮಾನ್ಯ ಓದುಗರಿಗೆ ‘ಪ್ರಕರಣ’ ಎಂದರೆ ಕೇಸು. ಆದ್ದರಿಂದ ಅವರಿಗಾಗಿ ಬರೆಯುವಾಗ ‘ಕಲಂ’ ಅಥವಾ ‘ಸೆಕ್ಷನ್’ ಇರಲಿ.

ಏಳನೆಯ ಹೆಜ್ಜೆ: ಬರೆದದ್ದನ್ನು ಒಂದು ನಿಜವಾದ ವಾಕ್ಯದ ಮೇಲೆ ಪರೀಕ್ಷಿಸಿ

ರಸ್ತೆ ಮೇಲ್ಸೇತುವೆಯ ಟೆಂಡರಿನಲ್ಲಿ ಹೀಗೊಂದು ಸಾಲು ಇದೆ ಎಂದುಕೊಳ್ಳಿ: ಗುತ್ತಿಗೆದಾರನು ಸೆಕ್ಷನಲ್ ಡ್ರಾಯಿಂಗ್‌ಗಳನ್ನು ಸಲ್ಲಿಸಬೇಕು, ಕಂಬಿಗಳ ಸೆಕ್ಷನಲ್ ವೇಟ್ ಪರೀಕ್ಷಿಸಿ ವರದಿ ಕೊಡಬೇಕು, ಮತ್ತು ಸೆಕ್ಷನಲ್ ಕಂಪ್ಲೀಷನ್ ದಿನಾಂಕಗಳಿಗೆ ಬದ್ಧನಾಗಿರಬೇಕು. ಮೊದಲನೆಯದರಲ್ಲಿ ನಾವು ನೋಡುವುದು ಕೊಯ್ದ ಮುಖವನ್ನು. ಎರಡನೆಯದರಲ್ಲಿಯೂ ಕೊಯ್ದ ಮುಖವೇ ಇದೆ, ಆದರೆ ಅದು ತೂಕದ ಲೆಕ್ಕದೊಳಗೆ ಅಡಗಿದೆ. ಮೂರನೆಯದು ಭಾಗಗಳ ಲೆಕ್ಕ. ‘ಗುತ್ತಿಗೆದಾರರು ಸೇತುವೆಯ ಛೇದ ನೋಟದ ನಕ್ಷೆಗಳನ್ನು ಸಲ್ಲಿಸಬೇಕು, ಪ್ರತಿ ಅಳತೆಯ ಕಂಬಿ ಮೀಟರಿಗೆ ಎಷ್ಟು ತೂಗುತ್ತದೆ ಎಂದು ಪರೀಕ್ಷಿಸಿ ವರದಿ ನೀಡಬೇಕು, ಕಾಮಗಾರಿಯ ಪ್ರತಿಯೊಂದು ಭಾಗವನ್ನೂ ಅದಕ್ಕೆ ಗೊತ್ತುಪಡಿಸಿದ ದಿನಾಂಕದೊಳಗೆ ಪೂರ್ಣಗೊಳಿಸಬೇಕು.’ ಇದನ್ನು ಸ್ಥಳದಲ್ಲಿರುವ ಮೇಸ್ತ್ರಿಗೆ ಓದಿ ಹೇಳಿ. ಅವರು ಒಮ್ಮೆಯೂ ತಡೆಯದೆ ಕೇಳಿದರೆ ಅನುವಾದ ಸರಿಯಿದೆ. ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ಎರಡನೆಯ ಹೆಜ್ಜೆಗೆ ಹಿಂತಿರುಗಿ ಮತ್ತೆ ಹುಡುಕಿ.